ಮುಂದಿನ ದುರಾಕ್

ಕೈಸೇರಿಯ ಟ್ರಾಮಿನಲ್ಲಿ ಒಬ್ಬ ಹೆಂಗಸು ಇದ್ದಾಳೆ,
ಮುಖವಿಲ್ಲ, ಬರೀ ದನಿ.
ಬಾಗಿಲು ಮುಚ್ಚಿದ ಮೇಲೆ ಹೇಳುತ್ತಾಳೆ:
ಮುಂದಿನ ದುರಾಕ್, ಆಸ್ಪತ್ರೆ.
ಮುಂದಿನ ದುರಾಕ್, ಹತ್ತಿಗಿರಣಿ.
ದುರಾಕ್ ಅಂದರೆ ನಿಲ್ಲುವ ಜಾಗ, ಅಷ್ಟೆ.
ಆದರೂ ಪ್ರತಿ ಸಲ ತಲೆ ಎತ್ತುತ್ತೇನೆ,
ಯಾರೋ ನನ್ನ ತಮ್ಮನನ್ನು ಕೂಗಿದಂತೆ.

ಅಮ್ಮನ ಕೈಯಲ್ಲಿ ಗಂಡುಮಕ್ಕಳು ನಿಲ್ಲುತ್ತಿರಲಿಲ್ಲ.
ಮೊದಲನೆಯದಕ್ಕೆ ಹೆಸರಿಡುವಷ್ಟು ಹೊತ್ತೂ ಸಿಗಲಿಲ್ಲ.
ಎರಡನೆಯದಕ್ಕೆ ಯಶಾರ್ ಎಂದಿಟ್ಟರು, ಬಾಳುವವನು ಅಂತ;
ಹತ್ತೊಂಬತ್ತು ದಿನ ಬಾಳಿದ.
ಮೂರನೆಯದರ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.
ಹಿಟ್ಟಿನ ಪೆಟ್ಟಿಗೆಯ ಹಿಂದೆ ನನಗೊಂದು ಸಿಕ್ಕಿತ್ತು,
ಹೆಬ್ಬೆರಳಷ್ಟು ಉದ್ದದ ಉಣ್ಣೆಯ ಕಾಲುಚೀಲ,
ಜೋಡಿಯಿಲ್ಲದ್ದು.

ನಾಲ್ಕನೆಯವನು ಹುಟ್ಟಿದ ರಾತ್ರಿ ಹಿಮ ಸುರಿಯುತ್ತಿತ್ತು.
ಕಿವಿಯಲ್ಲಿ ಬಾಂಗು ಕೂಗುವವರು ಬರುವ ಮೊದಲೇ
ಹಾಜೆರ್ ಅಜ್ಜಿ ಮಗುವನ್ನು ಕಸಿದುಕೊಂಡಳು.
ಪ್ರಾರ್ಥನೆಯಲ್ಲ, ಗದರಿಕೆ:
ದುರಾಕ್! ಇಲ್ಲೇ ನಿಲ್ಲು, ಕತ್ತೆಮರಿ, ಎಲ್ಲಿಗೆ ಹೊರಟೆ?
ಬೆಳಗಾಗುವಷ್ಟರಲ್ಲಿ ಬೈಗುಳವೇ ಹೆಸರಾಗಿತ್ತು.

ನಿಂತ.
ಕಾಲು ಬಂದದ್ದೇ ತಡ, ಓಡಿದ.
ಹದಿನೆಂಟಕ್ಕೆ ಲಾರಿ ಹತ್ತಿದವನು
ಮೆರ್ಸಿನ್‌ನಿಂದ ಕಿತ್ತಳೆ, ರಿಜೆಯಿಂದ ಚಹಾ,
ಸಾಲದ್ದಕ್ಕೆ ಗಡಿಯಾಚೆಗೆ ಸಿಮೆಂಟು.
ಆ ಹೆಸರನ್ನು ಲಾರಿಯ ಬ್ರೇಕಿಗಿಟ್ಟಿದ್ದರೆ
ಎಷ್ಟೋ ಚೆನ್ನಿತ್ತು, ಎನ್ನುತ್ತಿದ್ದಳು ಅವನ ಹೆಂಡತಿ ಪೆರಿಹಾನ್,
ತಣ್ಣಗಾದ ಸೂಪನ್ನು ಮೂರನೇ ಸಲ ಬಿಸಿಮಾಡುತ್ತ.

ಒಂದು ಸಂಜೆ ಫೋನು. ಉಪ್ಪಿನ ಬಯಲ ಅಂಚಿನಲ್ಲಿ
ಊರಿನ ಫಲಕ ಕಂಡಿತಂತೆ: ದುರಾಕ್.
ಮೂವತ್ತು ಮನೆ, ಒಂದು ಮಿನಾರು,
ಬಸ್ಸು ಮಾತ್ರ ಅಲ್ಲಿ ನಿಲ್ಲುವುದಿಲ್ಲ.
ಅಕ್ಕಾ, ಇವತ್ತು ನಾನು ನನ್ನೊಳಗೇ ಇದ್ದೇನೆ ಎಂದು ನಕ್ಕ.

ಆಮೇಲೆ ಅದೊಂದು ಹುಚ್ಚಾಯಿತು.
ಸುತ್ತುದಾರಿ ಹಿಡಿದು, ಡೀಸೆಲ್ಲು ಸುಟ್ಟು ಹುಡುಕಿದ.
ಬೆಟ್ಟದ ಮೇಲಿನ ಹೇಜಲ್ ತೋಟಗಳ ನಡುವೆ ಇನ್ನೊಂದು ದುರಾಕ್.
ಅಲ್ಲಿಯ ಕ್ಷೌರಿಕನೂ ದುರಾಕ್;
ಅರ್ಧ ಗಡ್ಡ ಹೆರೆದ ಮೇಲೆ ಗಿರಾಕಿಯ ಹೆಸರು ಕೇಳಿದವನು
ಉಳಿದರ್ಧಕ್ಕೆ ಕಾಸು ಮುಟ್ಟಲಿಲ್ಲವಂತೆ.
ಮತ್ತೊಂದು ಊರು ಅಣೆಕಟ್ಟಿನ ಅಡಿಯಲ್ಲಿ.
ದೋಣಿಯ ಮುದುಕ ಹುಟ್ಟು ಎತ್ತಿ
ಅಗೋ ಶಾಲೆ, ಅಗೋ ನಮ್ಮ ಬಾವಿ
ಎಂದು ನೀರನ್ನು ತೋರಿಸಿದನಂತೆ.
ನೀರಿನೊಳಗೆ ಬಾವಿ.
ಅವತ್ತು ತಮ್ಮ ಹೆಚ್ಚು ಮಾತಾಡಲಿಲ್ಲ.
ಇಷ್ಟೇ ಹೇಳಿದ: ಈ ಹೆಸರಿನ ಗಂಡಸರನ್ನೆಲ್ಲ ಕೇಳಿ ನೋಡಿದೆ,
ಎಲ್ಲರಿಗಿಂತ ಮುಂಚೆ ಒಂದೆರಡು ಹೋಗಿವೆ, ಅಕ್ಕಾ.

ಮಗು ನಿಂತಿತು ಎಂದರೆ ಸಕ್ಕರೆ ಹಂಚುತ್ತಾರೆ.
ಗಡಿಯಾರ ನಿಂತಿತು ಎಂದರೆ?
ಅಜ್ಜಿಗೆ ಒಂದೇ ಅರ್ಥ ಗೊತ್ತಿತ್ತು, ಪಾಪ.

ಕಳೆದ ಫೆಬ್ರವರಿ, ಪೋಜಾಂತಿಯ ಇಳಿಜಾರು ಮುಗಿದಲ್ಲಿ,
ಚಹಾದಂಗಡಿಯ ಎದುರು
ಲಾರಿಯನ್ನು ನೀಟಾಗಿ ಬದಿಗೆ ತಂದು,
ದೀಪ ಹಚ್ಚಿಟ್ಟು, ಕೈಬ್ರೇಕು ಎಳೆದು
ನಿಂತ.
ಇಂಜಿನ್ನು ಮಾತ್ರ ಬೆಳಗಿನವರೆಗೂ ಓಡುತ್ತಿತ್ತಂತೆ.

ನಲವತ್ತು ದಿನ ಕಳೆದ ಮೇಲೆ ಒಂದು ಕರೆ ಬಂತು.
ಗೊತ್ತಿಲ್ಲದ ನಂಬರು, ಹಿಂದೆ ಕತ್ತರಿಯ ಕಚಕಚ.
ನಾನು ದುರಾಕ್ ಮಾತಾಡ್ತಾ ಇದ್ದೀನಿ, ಎಂದಿತು ದನಿ.
ಗೋಡೆ ಹಿಡಿದುಕೊಂಡು ಕೂತುಬಿಟ್ಟೆ.
ಕ್ಷೌರಿಕ. ಸುದ್ದಿ ಈಗ ತಿಳಿಯಿತಂತೆ.
ಏನೇನೋ ಹೇಳಿದ, ದೇವರು, ಸಹನೆ, ಹೇಜಲ್ ಬೆಳೆ.
ನಾನು ಉತ್ತರ ಕೊಡಲಿಲ್ಲ, ಇಡಬೇಡಿ ಎಂದೆ,
ಇನ್ನೊಂದು ಸಲ ಯಾರು ಅಂತ ಹೇಳಿ.

ಹೇಳಿದ.

ಇವತ್ತು ಹತ್ತಿಗಿರಣಿ ದಾಟಿಹೋಯಿತು, ಇಳಿಯಲಿಲ್ಲ.
ಆ ಹೆಂಗಸು ಇನ್ನೊಂದು ಸಲ ಅನ್ನಲಿ ಎಂದು ಕೂತಿದ್ದೆ.
ಅಂದಳು.
ಆಮೇಲೆ ಈರುಳ್ಳಿಯ ಚೀಲ ಎತ್ತಿಕೊಂಡು
ಹಳಿಯ ಪಕ್ಕ ಕೆಸರು ಹಿಮದಲ್ಲಿ
ಹಿಂದಕ್ಕೆ ನಡೆದೆ.